ಅಪ್ಪನನ್ನು ಎಬ್ಬಿಸಿದ ಮೇಜು: ಜರ್ಮನಿಯ ನೆಲಮಾಳಿಗೆ ಹೋಟೆಲುಗಳಲ್ಲಿ ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಎರ್ಲಾಂಗೆನ್‌ನಲ್ಲಿ ಇದ್ದೇನೆ. ತೀರ್ಥಹಳ್ಳಿ ಕಡೆಯ ಊರಿನಿಂದ ಅಪ್ಪ, ಅಮ್ಮ ಈ ಜೂನ್‌ನಲ್ಲಿ ಮೊದಲ ಸಲ ಇಲ್ಲಿಗೆ ಬಂದಿದ್ದಾರೆ. ಕಳೆದ ಶನಿವಾರ ಬೇರೊಂದು ಊರಿನ ಹಳೆಯ ನೆಲಮಾಳಿಗೆ ಹೋಟೆಲಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಮೆಟ್ಟಿಲಿಳಿದು ಹೋದರೆ ಕಲ್ಲಿನ ಕಮಾನುಗಳು, ಉದ್ದನೆಯ ಮರದ ಮೇಜುಗಳು, ಬೆನ್ನಿಗೆ ಒರಗು ಹಲಗೆಯಿಲ್ಲದ ಬೆಂಚುಗಳು. ಅಪ್ಪನಿಗೆ ಮೊಣಕಾಲು ನೋವು ಇರುವುದರಿಂದ ಒಲೆಯ ಪಕ್ಕದಲ್ಲಿದ್ದ ದುಂಡು ಮೇಜಿನ ಸುತ್ತ ಕುರ್ಚಿಗಳನ್ನು ಕಂಡವರೇ ಅಲ್ಲಿ ಕುಳಿತರು. ಎರಡು ನಿಮಿಷವೂ ಆಗಿರಲಿಲ್ಲ, ಬಡಿಸುವವರು ಬಂದು, ಇಲ್ಲಿಂದ ಏಳಬೇಕು ಎಂದರು. ಕಾರಣ ಹೇಳಲಿಲ್ಲ. ಆ ಮೇಜು ಖಾಲಿ ಇತ್ತು, ಹೋಟೆಲಿನ ಅರ್ಧ ಭಾಗವೂ ಖಾಲಿ ಇತ್ತು. ನಾವು ಎದ್ದು ಮೂಲೆಗೆ ಹೋದೆವು. ಅಪ್ಪ ತಟ್ಟೆಯನ್ನು ಮುಟ್ಟಲಿಲ್ಲ.

ರಾತ್ರಿ ಮನೆಗೆ ಬಂದ ಮೇಲೆ ಅಪ್ಪ ಒಂದು ಮಾತು ಹೇಳಿದರು. ಅವರಿಗೆ ಹತ್ತು ವರ್ಷವಾಗಿದ್ದಾಗ ಊರಿನ ಒಂದು ಊಟದಲ್ಲಿ, ಎಲೆಯ ಮುಂದೆ ಕುಳಿತವರನ್ನು ತೋಳು ಹಿಡಿದು ಎಬ್ಬಿಸಿ, ಅಂಗಳದ ಆಚೆಗಿನ ಸಾಲಿಗೆ ಕಳಿಸಿದ್ದರಂತೆ. ಈ ಸಂಗತಿಯನ್ನು ಅವರು ನನಗೆ ಇಷ್ಟು ವರ್ಷ ಹೇಳಿರಲಿಲ್ಲ. ನನಗೆ ತಿಳಿಯಬೇಕಾದದ್ದು ಇಷ್ಟೇ: ಶನಿವಾರ ನಡೆದದ್ದು ಏನು? ಈ ನೆಲಮಾಳಿಗೆ ಹೋಟೆಲುಗಳಲ್ಲಿ ಕೂರುವುದಕ್ಕೆ ಯಾವ ಕಟ್ಟಳೆಗಳಿವೆ? ಅಪ್ಪ ವಾಪಸು ಹೋಗುವುದಕ್ಕೆ ಇನ್ನು ಹನ್ನೆರಡು ದಿನವಿದೆ.

ಇಸಾರ್ ದಂಡೆ

ಮೇಜಿನ ಮೇಲೆ ಹಿತ್ತಾಳೆಯದೋ ಕಬ್ಬಿಣದ್ದೋ ಒಂದು ಸಣ್ಣ ಫಲಕ ಇತ್ತೇ? ಬೂದಿಬಟ್ಟಲಿಗೆ ಜೋಡಿಸಿದಂತೆಯೂ ಇರುತ್ತದೆ.

ತುಂಗಾತೀರ

ಇತ್ತು, ಸರ್. ಅಲಂಕಾರವೆಂದುಕೊಂಡಿದ್ದೆ. ಹಳೆಯ ಅಕ್ಷರಗಳಲ್ಲಿ ಏನೋ ಕೆತ್ತಿದ್ದರು, ಓದಲು ಆಗಲಿಲ್ಲ.

ಇಸಾರ್ ದಂಡೆ

ಹಾಗಾದರೆ ಅದು ಶ್ಟಾಮ್‌ಟಿಶ್, ಅಂದರೆ ಕಾಯಂ ಗಿರಾಕಿಗಳ ಮೇಜು. ಪ್ರತಿ ಮಂಗಳವಾರವೋ ಶನಿವಾರವೋ ಅದೇ ಏಳೆಂಟು ಮಂದಿ ಬಂದು ಅದೇ ಕುರ್ಚಿಗಳಲ್ಲಿ ಕೂರುತ್ತಾರೆ. ಅವರು ಬರುವುದು ರಾತ್ರಿ ಒಂಬತ್ತಕ್ಕಾದರೂ ಸಂಜೆ ಆರರಿಂದಲೇ ಆ ಮೇಜನ್ನು ಬೇರೆಯವರಿಗೆ ಕೊಡುವುದಿಲ್ಲ. ಜರ್ಮನರೇ ಬಂದು ಕುಳಿತರೂ ಎಬ್ಬಿಸುತ್ತಾರೆ. ಮ್ಯೂನಿಕ್‌ಗೆ ಬಂದ ಮೊದಲ ವರ್ಷ ನನ್ನನ್ನೂ, ನನ್ನ ಜೊತೆಗಿದ್ದ ಹ್ಯಾಂಬರ್ಗ್‌ನ ಸಹೋದ್ಯೋಗಿಯನ್ನೂ ಎಬ್ಬಿಸಿದ್ದರು. ನಿಮ್ಮ ತಂದೆಯವರ ಚರ್ಮದ ಬಣ್ಣಕ್ಕೂ ಊರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ದಯವಿಟ್ಟು ತಿಳಿಸಿ. ಬಡಿಸುವವರು ಕಾರಣ ಹೇಳಬೇಕಿತ್ತು. ಹೇಳದೆ ಇದ್ದದ್ದು ಖಂಡಿತ ತಪ್ಪು.

ಹತ್ತು ಮಳೆಗಾಲ

ಮೇಲಿನ ಉತ್ತರ ಸರಿಯಾಗಿದೆ. ಇದರ ಇನ್ನೊಂದು ಮಗ್ಗುಲನ್ನೂ ನಿಮ್ಮ ತಂದೆಯವರಿಗೆ ಹೇಳಬೇಕು. ಶ್ಟಾಮ್‌ಟಿಶ್ ಒಂದನ್ನು ಬಿಟ್ಟರೆ, ಕಾದಿರಿಸಿದ ಚೀಟಿ ಇಲ್ಲದ ಉಳಿದ ಉದ್ದ ಮೇಜುಗಳಲ್ಲಿ ಯಾರ ಪಕ್ಕದಲ್ಲಿ ಬೇಕಾದರೂ ಹೋಗಿ ಕೂರಬಹುದು. ಅದಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ: ‘ಇಸ್ಟ್ ಹಿಯರ್ ನೋಖ್ ಫ್ರೈ?’, ಇಲ್ಲಿ ಜಾಗ ಖಾಲಿ ಇದೆಯೇ? ಖಾಲಿ ಇದ್ದರೆ ಇಲ್ಲವೆನ್ನುವವರು ಬಹಳ ಕಡಿಮೆ. ಸಾಮಾನ್ಯ ದಿನಗಳಲ್ಲಿ ಪಕ್ಕದ ಮನೆಯವರ ಜೊತೆಗೂ ಅಳೆದು ತೂಗಿ ಮಾತಾಡುವ ಜನ ಇಲ್ಲಿ ಮೊಣಕೈಗೆ ಮೊಣಕೈ ತಗಲುವಂತೆ ಕುಳಿತು ಉಣ್ಣುತ್ತಾರೆ. ಬ್ರೆಮೆನ್‌ಗೆ ಬಂದ ಹೊಸದರಲ್ಲಿ ನನಗೆ ಅದು ಅಚ್ಚರಿಯಾಗಿತ್ತು, ಈಗ ಅದನ್ನು ನೆಚ್ಚಿಕೊಂಡಿದ್ದೇನೆ.

ಇಲ್ಲಿನ ರಾಟ್ಸ್‌ಕೆಲ್ಲರ್ ಪುರಭವನದ ಕೆಳಗೆ 1405ರಲ್ಲಿ ಶುರುವಾದದ್ದು. ‘ರಾಟ್’ ಎಂದರೆ ನಗರಸಭೆ, ‘ಕೆಲ್ಲರ್’ ಎಂದರೆ ನೆಲಮಾಳಿಗೆ. ಮೇಲಿನ ಅಂತಸ್ತಿನಲ್ಲಿ ಊರಿನ ಆಡಳಿತ, ಕೆಳಗೆ ಊರಿನ ವೈನಿನ ಉಗ್ರಾಣ. ವೈನ್ ಮಾರುವ ಹಕ್ಕನ್ನು ನಗರಸಭೆ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದರಿಂದ ಪೀಪಾಯಿಗಳನ್ನು ಬೇರೆಲ್ಲೋ ಇಡದೆ ತನ್ನ ಕಾಲ ಕೆಳಗೇ ಇಟ್ಟುಕೊಂಡಿತು, ಬೊಕ್ಕಸಕ್ಕೆ ಆದಾಯವೂ ಬಂತು. ಇವತ್ತಿಗೂ ಅಲ್ಲಿ ಸಿಗುವ ವೈನ್ ಜರ್ಮನಿಯದ್ದು ಮಾತ್ರ. 1653ನೇ ಇಸವಿಯ ರ್‍ಯೂಡೆಸ್‌ಹೈಮ್ ವೈನ್ ಒಂದು ಪೀಪಾಯಿಯಲ್ಲಿ ಇನ್ನೂ ಇದೆ. ಅದನ್ನು ಇಟ್ಟಿರುವ ಕೋಣೆಯ ಚಾವಣಿಯ ಮೇಲೆ ಗುಲಾಬಿಯ ಚಿತ್ರವಿದೆ. ಗುಲಾಬಿಯ ಕೆಳಗೆ ಆಡಿದ ಮಾತು ಹೊರಗೆ ಹೋಗಬಾರದೆಂಬುದು ಹಳೆಯ ನಂಬಿಕೆ.

ಕಾವೇರಿ ಕಾಲುವೆ

ಎಲ್ಲ ರಾಟ್ಸ್‌ಕೆಲ್ಲರ್‌ಗಳನ್ನೂ ಈಗಲೂ ನಗರಸಭೆಯೇ ನಡೆಸುತ್ತದೆಯೇ? ಹಾಗಿದ್ದರೆ ತುಂಗಾತೀರ ಅವರು ಅಲ್ಲಿಗೇ ದೂರು ಕೊಡಬಹುದಲ್ಲವೇ?

ಇತಿಹಾಸದ ಮೇಷ್ಟ್ರು

ಇಲ್ಲ, ಬಹುಪಾಲು ಊರುಗಳಲ್ಲಿ ಜಾಗ ನಗರದ್ದು, ಹೋಟೆಲು ನಡೆಸುವವರು ಗುತ್ತಿಗೆದಾರರು. ‘ರಾಟ್ಸ್‌ಕೆಲ್ಲರ್’ ಎಂಬ ಹೆಸರು ಉಳಿದಿರುವುದರಿಂದ ಸರ್ಕಾರಿ ಹೋಟೆಲು ಎಂಬ ಭ್ರಮೆ ಬರುತ್ತದೆ.

ನಾನು ಮೈಸೂರಿನವನು, ನಿವೃತ್ತ ಅಧ್ಯಾಪಕ. ಮಗಳ ಮನೆ ಲೈಪ್ಸಿಗ್‌ನಲ್ಲಿರುವುದರಿಂದ ವರ್ಷಕ್ಕೊಮ್ಮೆ ಅಲ್ಲಿರುತ್ತೇನೆ. ನೆಲಮಾಳಿಗೆಯ ಊಟದ ವಿಷಯ ಬಂದಾಗ ಅಲ್ಲಿನ ಆವರ್‌ಬಾಖ್ಸ್ ಕೆಲ್ಲರನ್ನು ಬಿಟ್ಟು ಮಾತಾಡಲಾಗದು. 1525ರಲ್ಲಿ ಹೈನ್ರಿಖ್ ಶ್ಟ್ರೋಮರ್ ಎಂಬ ವೈದ್ಯ, ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ತನ್ನ ಮನೆಯ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳಿಗೆ ವೈನ್ ಹಾಕತೊಡಗಿದ. ಅವನ ಹುಟ್ಟೂರು ಆವರ್‌ಬಾಖ್, ಅದೇ ಹೆಸರಾಯಿತು. ಜರ್ಮನ್ ಕವಿ ಗಯಟೆ 1765ರಿಂದ 1768ರವರೆಗೆ ಲೈಪ್ಸಿಗ್‌ನಲ್ಲಿ ಓದುತ್ತಿದ್ದಾಗ ಇಲ್ಲಿಗೆ ಬರುತ್ತಿದ್ದ. ಮುಂದೆ ‘ಫೌಸ್ಟ್’ ನಾಟಕದಲ್ಲಿ ಮೆಫಿಸ್ಟೊಫಿಲಿಸ್ ಎಂಬ ಸೈತಾನ ಮೇಜಿಗೆ ತೂತು ಕೊರೆದು, ಕುಳಿತವರಿಗೆಲ್ಲ ಅವರವರು ಕೇಳಿದ ವೈನನ್ನು ಆ ತೂತುಗಳಿಂದಲೇ ಸುರಿಸುವ ದೃಶ್ಯವನ್ನು ಇದೇ ನೆಲಮಾಳಿಗೆಯಲ್ಲಿ ಇಟ್ಟ.

ಹಸಿರು ಬಾಳೆ

ಮೇಷ್ಟ್ರೇ, ಒಂದು ತಿದ್ದುಪಡಿ. 1525 ಎಂಬುದು ಶ್ಟ್ರೋಮರ್ ಆರಂಭಿಸಿದ ವರ್ಷ. ಆ ಜಾಗದಲ್ಲಿ ವೈನ್ ಮಾರುತ್ತಿದ್ದರೆಂಬ ಉಲ್ಲೇಖ 1438ರಲ್ಲೇ ಸಿಗುತ್ತದೆ. ಈಗ ನಾವು ಇಳಿಯುವ ಮೆಟ್ಟಿಲುಗಳ ಮೇಲಿರುವ ಕಟ್ಟಡ, ಮೇಡ್ಲರ್ ಪಸಾಜ್, ತೀರ ಈಚಿನದು, 1912ರಿಂದ 1914ರ ನಡುವೆ ಕಟ್ಟಿದ್ದು. ಬಾಗಿಲ ಬಳಿಯ ಕಂಚಿನ ಫೌಸ್ಟ್ ಪ್ರತಿಮೆಯ ಬೂಟಿನ ತುದಿಯನ್ನು ಹೋಗಿ ಬರುವವರೆಲ್ಲ ಅದೃಷ್ಟಕ್ಕೆಂದು ಉಜ್ಜುತ್ತಾರೆ. ಇಡೀ ಪ್ರತಿಮೆ ಕಪ್ಪಾಗಿದ್ದರೂ ಅದೊಂದು ಪಾದ ನಮ್ಮ ಮನೆಯ ದೇವರ ದೀಪದ ಹಾಗೆ ಹೊಳೆಯುತ್ತಿರುತ್ತದೆ.

ಇತಿಹಾಸದ ಮೇಷ್ಟ್ರು

ತಿದ್ದಿದ್ದಕ್ಕೆ ಧನ್ಯವಾದ, ಒಪ್ಪುತ್ತೇನೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಬೇರೆ. ತುಂಗಾತೀರ ಅವರೇ, ನಿಮ್ಮ ತಂದೆಯವರು ಪಂಕ್ತಿಭೇದವನ್ನು ಮೈಮೇಲೆ ಅನುಭವಿಸಿದವರು. ಅವರನ್ನು ಎಬ್ಬಿಸಿದ್ದು ಶ್ಟಾಮ್‌ಟಿಶ್ ಎಂಬ ಕಾರಣಕ್ಕೆ ಎಂದು ನಾವು ವಿವರಿಸಿದರೂ ಆ ನೋವು ಒಂದೇ ಸಲಕ್ಕೆ ಕರಗುವುದಿಲ್ಲ. ಹಾಗಿದ್ದರೂ ಎರಡರ ನಡುವಿನ ವ್ಯತ್ಯಾಸವನ್ನು ಅವರ ಮುಂದಿಡಬೇಕು. ಪಂಕ್ತಿಭೇದದಲ್ಲಿ ಕೂರುವ ಜಾಗವನ್ನು ನಿರ್ಧರಿಸುವುದು ಹುಟ್ಟು, ಅದನ್ನು ಯಾವ ಸ್ನೇಹದಿಂದಲೂ ದಾಟಲಾಗದು. ಶ್ಟಾಮ್‌ಟಿಶ್‌ನಲ್ಲಿ ಅದನ್ನು ನಿರ್ಧರಿಸುವುದು ಒಡನಾಟ. ಹೊಸಬರನ್ನು ಅಲ್ಲಿಗೆ ಕರೆಯುವುದುಂಟು, ಕರೆದ ಮೇಲೆ ಅವರೂ ಆ ಮೇಜಿನವರಾಗುತ್ತಾರೆ.

ಇಸಾರ್ ದಂಡೆ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಜರ್ಮನಿಯ ಮೇಜು ಅಷ್ಟೊಂದು ನಿಷ್ಕಳಂಕವಲ್ಲ. 1930ರ ದಶಕದಲ್ಲಿ, ಯಹೂದಿಗಳು ಬರಬಾರದೆಂಬ ಫಲಕಗಳು ಈ ದೇಶದ ಹೋಟೆಲುಗಳ ಬಾಗಿಲುಗಳಲ್ಲಿ ತೂಗಿದ್ದವು. ಅಲ್ಲಿ ಕೂರುವ ಜಾಗವನ್ನು ನಿರ್ಧರಿಸಿದ್ದು ಹುಟ್ಟೇ ತಾನೆ? 1923ರ ನವೆಂಬರ್ 8ರಂದು ಹಿಟ್ಲರ್ ತನ್ನ ದಂಗೆಯನ್ನು ಶುರುಮಾಡಿದ್ದು ಮ್ಯೂನಿಕ್‌ನ ಬ್ಯುರ್ಗರ್‌ಬ್ರಾಯ್‌ಕೆಲ್ಲರ್ ಎಂಬ ಬಿಯರ್ ಸಭಾಂಗಣದಿಂದ. ಶ್ಟಾಮ್‌ಟಿಶ್ ಸಹ ಬಹುಕಾಲ ಗಂಡಸರ ಮೇಜಾಗಿಯೇ ಇತ್ತು. ಯೋಚನೆಯಿಲ್ಲದ ಅಗ್ಗದ ರಾಜಕೀಯ ಘೋಷಣೆಗಳಿಗೆ ಜರ್ಮನರೇ ‘ಶ್ಟಾಮ್‌ಟಿಶ್ ಮಾತು’ ಎಂಬ ಹೆಸರಿಟ್ಟಿದ್ದಾರೆ. ಒಟ್ಟಿಗೆ ಕುಳಿತು ಉಂಡ ಮಾತ್ರಕ್ಕೆ ಮನಸ್ಸು ದೊಡ್ಡದಾಗುತ್ತದೆ ಎಂದು ನಾವು ಭಾವಿಸಬಾರದು.

ಹತ್ತು ಮಳೆಗಾಲ

ಅದೇ ಬ್ಯುರ್ಗರ್‌ಬ್ರಾಯ್‌ಕೆಲ್ಲರ್‌ನ ಇನ್ನೊಂದು ಕಥೆಯನ್ನೂ ಇದರ ಜೊತೆಗೇ ಹೇಳಬೇಕು. ಗೆಯೋರ್ಗ್ ಎಲ್ಸರ್ ಎಂಬ ಬಡಗಿ 1939ರಲ್ಲಿ ಮೂವತ್ತಕ್ಕೂ ಹೆಚ್ಚು ಸಂಜೆ ಅಲ್ಲಿಗೆ ಸಾಮಾನ್ಯ ಗಿರಾಕಿಯಂತೆ ಬಂದು, ಊಟ ಮುಗಿಸಿ, ಬಾಗಿಲು ಹಾಕುವ ಹೊತ್ತಿಗೆ ಮೇಲಿನ ಮೊಗಸಾಲೆಯಲ್ಲಿ ಅಡಗಿ ಕುಳಿತು, ರಾತ್ರಿಯೆಲ್ಲ ಕಂಬವನ್ನು ಕೊರೆದು ಬಾಂಬ್ ಇಟ್ಟ. ನವೆಂಬರ್ 8ರಂದು ಅದು ಸಿಡಿಯುವುದಕ್ಕೆ 13 ನಿಮಿಷ ಮುಂಚೆ ಹಿಟ್ಲರ್ ಎದ್ದು ಹೋಗಿದ್ದ. ಎಂಟು ಮಂದಿ ಸತ್ತರು. ಎಲ್ಸರ್‌ನನ್ನು ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ 1945ರ ಏಪ್ರಿಲ್‌ನಲ್ಲಿ ಕೊಂದರು. ಆ ಕಟ್ಟಡವನ್ನು 1979ರಲ್ಲಿ ಕೆಡವಿದರು. ಕಮಾನಿನ ಕೆಳಗೆ ಕುಳಿತಾಗ ಈ ಸಂಗತಿಗಳು ನಮ್ಮ ನೆನಪಿನಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಇವತ್ತು ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟು ಸರಿದು ಕೂರುವ ಮುದುಕಿಯ ಸೌಜನ್ಯವೇನೂ ಸುಳ್ಳಾಗುವುದಿಲ್ಲ.

ನೆಕ್ಕರ್ ಕನ್ನಡಿಗ

ಚರ್ಚೆ ಕಾವೇರುತ್ತಿರುವುದರಿಂದ ಸ್ವಲ್ಪ ಅಡುಗೆಮನೆಯ ಕಡೆಯ ಮಾತಾಡುತ್ತೇನೆ. ನಾನಿರುವುದು ಹೈಲ್‌ಬ್ರೊನ್ ಬಳಿ, ಸುತ್ತಲೂ ದ್ರಾಕ್ಷಿ ತೋಟ. ಇಲ್ಲಿ ರಾಟ್ಸ್‌ಕೆಲ್ಲರ್‌ಗಿಂತ ಜನರಿಗೆ ಹತ್ತಿರವಾದದ್ದು ‘ಬೇಸೆನ್’. ಆ ಪದದ ಅರ್ಥ ಪೊರಕೆ. ದ್ರಾಕ್ಷಿ ಬೆಳೆಗಾರರು ತಮ್ಮ ನೆಲಮಾಳಿಗೆಯನ್ನೋ ಕೊಟ್ಟಿಗೆಯನ್ನೋ ಗುಡಿಸಿ, ಬಾಗಿಲಿಗೆ ಪೊರಕೆ ಕಟ್ಟಿದರೆಂದರೆ ಅವರ ಮನೆಯ ವೈನ್ ಸಿಗುತ್ತದೆ ಎಂದರ್ಥ. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ತೆರೆಯುವಂತಿಲ್ಲ, 40ಕ್ಕಿಂತ ಹೆಚ್ಚು ಜನರಿಗೆ ಆಸನ ಹಾಕುವಂತಿಲ್ಲ ಎಂಬ ನಿಯಮವಿದೆ. ಆ ನಲವತ್ತು ಆಸನಗಳಿಗೆ ಬರುವವರು ಬಹಳ ಮಂದಿಯಾದ್ದರಿಂದ ಒತ್ತರಿಸಿಕೊಂಡು ಕೂರದೆ ಬೇರೆ ದಾರಿಯೇ ಇರುವುದಿಲ್ಲ. ಹಿಡಿಯಿರುವ ಗಾಜಿನ ಲೋಟದಲ್ಲಿ ಕಾಲು ಲೀಟರ್ ವೈನ್ ಕೊಡುತ್ತಾರೆ, ಅದನ್ನು ‘ಫಿಯರ್ಟೆಲೆ’ ಎನ್ನುತ್ತಾರೆ. ಮನೆಯ ಅಜ್ಜಿಯೇ ಬಡಿಸುತ್ತಾರೆ. ತುಂಗಾತೀರ ಅವರ ತಂದೆತಾಯಿ ಈ ಕಡೆ ಬರುವುದಾದರೆ ನಮ್ಮ ಮನೆಯಲ್ಲೇ ಉಳಿದುಕೊಳ್ಳಲಿ.

ತುಂಗಾತೀರ

ನಿಮ್ಮೆಲ್ಲರ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳಿದೆ. ಶ್ಟಾಮ್‌ಟಿಶ್ ವಿಷಯ ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಇಸಾರ್ ದಂಡೆಯವರು ಹೇಳಿದ ಫಲಕಗಳ ಮಾತನ್ನು ಇನ್ನೊಮ್ಮೆ ಓದು ಎಂದರು. ಎಲ್ಸರ್ ಎಂಬ ಬಡಗಿಯ ಬಗ್ಗೆ ಅಮ್ಮ ಎರಡು ಸಲ ಕೇಳಿದರು.

ನೆಕ್ಕರ್ ಕನ್ನಡಿಗ ಅವರೇ, ನಿಮ್ಮ ಆಹ್ವಾನಕ್ಕೆ ಋಣಿ, ಈ ಸಲ ಅಷ್ಟು ದೂರ ಬರಲಾಗದು. ಅಪ್ಪ, ಅಮ್ಮ ಇಬ್ಬರೂ ಮದ್ಯ ಮುಟ್ಟುವವರಲ್ಲ. ಅಮ್ಮ ಮಾಂಸ ತಿನ್ನುವುದಿಲ್ಲ. ಬಿಯರ್, ವೈನ್ ತೆಗೆದುಕೊಳ್ಳದೆ ಇಂಥ ಜಾಗದಲ್ಲಿ ಕುಳಿತರೆ ಹೋಟೆಲಿನವರು ಬೇಸರಪಟ್ಟುಕೊಳ್ಳುತ್ತಾರೆಯೇ?

ಹಸಿರು ಬಾಳೆ

ಖಂಡಿತ ಇಲ್ಲ. ಇದಕ್ಕೆ ಕಾನೂನಿನ ಬೆಂಬಲವೇ ಇದೆ. ಮದ್ಯ ಮಾರುವ ಹೋಟೆಲು, ಅತ್ಯಂತ ಅಗ್ಗದ ಮದ್ಯಕ್ಕಿಂತ ದುಬಾರಿಯಾಗದಂತೆ ಕನಿಷ್ಠ ಒಂದು ಮದ್ಯರಹಿತ ಪಾನೀಯವನ್ನಾದರೂ ಕೊಡಬೇಕು. ಜನ ಇದನ್ನು ‘ಸೇಬಿನ ರಸದ ಕಲಮು’ ಎಂದೇ ಕರೆಯುತ್ತಾರೆ. ಸೇಬಿನ ರಸಕ್ಕೆ ಸೋಡಾ ನೀರು ಬೆರೆಸಿದ ಆಪ್ಫೆಲ್‌ಶೋರ್ಲೆಯನ್ನು ದೊಡ್ಡ ಲೋಟದಲ್ಲಿ ತರಿಸಿಕೊಂಡರೆ ಮೇಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಲೋಟ ತಾಗಿಸುವಾಗ ಎದುರಿನವರ ಕಣ್ಣನ್ನು ನೋಡಬೇಕು, ಅದೊಂದನ್ನು ಮರೆಯಬಾರದು. ಬಿಯರ್ ಇದ್ದರೆ ‘ಪ್ರೋಸ್ಟ್’, ವೈನ್ ಇದ್ದರೆ ‘ತ್ಸುಮ್ ವೋಲ್’. ರಸಕ್ಕೆ ಎರಡೂ ನಡೆಯುತ್ತದೆ.

ಊಟದಲ್ಲಿ ಮಾತ್ರ ಅಮ್ಮನವರು ಬಹಳ ಎಚ್ಚರದಿಂದಿರಬೇಕು. ಹೆಸರು ನೋಡಿ ಸಸ್ಯಾಹಾರವೆಂದು ನಂಬುವ ಹಾಗಿಲ್ಲ. ಹುಳಿ ಎಲೆಕೋಸನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುವುದು ಸಾಮಾನ್ಯ. ಹುರಿದ ಆಲೂಗೆಡ್ಡೆಯಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ದಕ್ಷಿಣದ ಆಲೂಗೆಡ್ಡೆ ಸಲಾಡಿಗೆ ದನದ ಮಾಂಸದ ಸಾರು ಹಾಕುತ್ತಾರೆ, ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಲೈಪ್ಸಿಗ್‌ನ ಹೆಸರಾಂತ ತರಕಾರಿ ಪದಾರ್ಥ ‘ಲೈಪ್ಸಿಗರ್ ಅಲ್ಲರ್‌ಲೈ’ಯಲ್ಲಿ ಸಿಗಡಿಯಂಥ ಸಿಹಿನೀರಿನ ಜೀವಿಯನ್ನು ಹಾಕುವುದುಂಟು. ಮೊದಲ ವರ್ಷ ನಾನು ಅದನ್ನು ಅರ್ಧ ತಿಂದ ಮೇಲೆ ತಿಳಿದು ಅತ್ತಿದ್ದೆ. ನೆಮ್ಮದಿಯಿಂದ ತಿನ್ನಬಹುದಾದದ್ದೆಂದರೆ ಚೀಸ್ ಬೆರೆಸಿದ ಶ್ಪೆಟ್ಸ್‌ಲೆ (ದಪ್ಪ ಶಾವಿಗೆಯಂಥದ್ದು, ಮೊಟ್ಟೆ ಇರುತ್ತದೆ), ಅಣಬೆಯ ಗೊಜ್ಜಿನ ಜೊತೆ ಬ್ರೆಡ್ಡಿನ ಉಂಡೆ, ಮತ್ತು ಜೂನ್ 24ರವರೆಗೆ ಸಿಗುವ ಬಿಳಿ ಶತಾವರಿ. ಆದರೂ ಕೇಳಿಯೇ ತರಿಸಬೇಕು.

ಕಾವೇರಿ ಕಾಲುವೆ

ಅಂದರೆ ಕತ್ತಲ ನೆಲಮಾಳಿಗೆಯಲ್ಲಿ ಅಮ್ಮನವರಿಗೆ ಊಟವೂ ಕಷ್ಟ, ಅಪ್ಪನವರಿಗೆ ಮೆಟ್ಟಿಲೂ ಕಷ್ಟ. ಇನ್ನೊಮ್ಮೆ ಕರೆದುಕೊಂಡು ಹೋಗುವ ಹಟ ಯಾಕೆ?

ಇಸಾರ್ ದಂಡೆ

ಕೆಲ್ಲರ್ ಎಂದರೆ ಕತ್ತಲೆ ಎಂದು ನೀವು ಯಾಕೆ ತೀರ್ಮಾನಿಸಿದ್ದೀರಿ? ಬವೇರಿಯದಲ್ಲಿ ಕೆಲ್ಲರ್ ಎಂದರೆ ಅರ್ಧಕ್ಕರ್ಧ ಮರದ ನೆರಳು.

ಇದರ ಹಿಂದೊಂದು ಸೊಗಸಾದ ಕಾರಣವಿದೆ. 1539ರ ಬವೇರಿಯದ ಕಟ್ಟಳೆಯಂತೆ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕಾಯಿಸಬಹುದಿತ್ತು. ಬೇಸಿಗೆಯಲ್ಲಿ ಹಂಡೆಯ ಒಲೆಗಳಿಂದ ಊರಿಗೆ ಬೆಂಕಿ ಬೀಳುವ ಭಯ ಒಂದು, ಇಲ್ಲಿನ ಬಿಯರಿನ ಹುದುಗಿಗೆ ತಂಪು ಬೇಕೆಂಬುದು ಇನ್ನೊಂದು. ಹಾಗಾಗಿ ಬೇಸಿಗೆಗೆ ಬೇಕಾದ್ದನ್ನು ಮಾರ್ಚ್ ಹೊತ್ತಿಗೆ ಸ್ವಲ್ಪ ಗಟ್ಟಿಯಾಗಿ ಕಾಯಿಸಿ, ಇಸಾರ್ ನದಿಯ ದಂಡೆಯ ದಿಬ್ಬಗಳಲ್ಲಿ ನೆಲಮಾಳಿಗೆ ತೋಡಿ, ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯ ಜೊತೆ ಇಡುತ್ತಿದ್ದರು. ಮೇಲಿನ ನೆಲ ಕಾಯದಿರಲೆಂದು ಜಲ್ಲಿ ಹರಡಿ ಕುದುರೆ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಅಗಲ ಎಲೆಯ ಆ ಮರ ದಟ್ಟ ನೆರಳು ಕೊಡುತ್ತದೆ, ಅದರ ಬೇರು ಆಳಕ್ಕಿಳಿದು ಕಮಾನನ್ನು ಸೀಳುವುದಿಲ್ಲ. ಪೀಪಾಯಿಗೆಂದು ಬೆಳೆಸಿದ ನೆರಳಿಗೆ ಜನ ಬಂದು ಕೂತರು.

ಊರೊಳಗಿನ ಹೋಟೆಲಿನವರು ಸುಮ್ಮನಿರಲಿಲ್ಲ, ತಮ್ಮ ವ್ಯಾಪಾರ ಹೋಯಿತೆಂದು ಅರಸನ ಬಳಿಗೆ ಹೋದರು. ಮೊದಲನೆಯ ಮಾಕ್ಸಿಮಿಲಿಯನ್ ಯೋಸೆಫ್ 1812ರ ಜನವರಿ 4ರಂದು ಹೊರಡಿಸಿದ ಆಜ್ಞೆ ಇಬ್ಬರನ್ನೂ ಸಮಾಧಾನಪಡಿಸಿತು: ಬಿಯರ್ ಕಾಯಿಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಮ್ಮ ಕೆಲ್ಲರ್‌ನಲ್ಲೇ ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಕೊಡಕೂಡದು. ಊಟವಿಲ್ಲದ ಜಾಗಕ್ಕೆ ಜನ ಮನೆಯಿಂದ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ನಿರ್ಬಂಧ ಹೋಗಿ ಎಷ್ಟೋ ಕಾಲವಾಗಿದೆ, ಬುತ್ತಿ ತರುವ ಹಕ್ಕು ಮಾತ್ರ ಉಳಿದಿದೆ. ಗೆರೆಗೆರೆಯ ಬಟ್ಟೆ ಹಾಸಿ, ಡಬ್ಬಿಗಳನ್ನು ಬಿಚ್ಚಿ, ಉಪ್ಪು ಸವರಿದ ಬಿಳಿ ಮೂಲಂಗಿಯನ್ನು ಸುರುಳಿಯಾಗಿ ಹೆಚ್ಚಿಕೊಂಡು ಕೂರುವ ಕುಟುಂಬಗಳನ್ನು ಪ್ರತಿ ಭಾನುವಾರ ನೋಡುತ್ತೇನೆ.

ತುಂಗಾತೀರ

ಅಂದರೆ ಅಮ್ಮ ಮನೆಯಿಂದ ಚಿತ್ರಾನ್ನ ಮಾಡಿಕೊಂಡು ಬಂದರೂ ಯಾರೂ ಏನೂ ಅನ್ನುವುದಿಲ್ಲವೇ?

ಇಸಾರ್ ದಂಡೆ

ಅನ್ನುವುದಿಲ್ಲ. ಪಾನೀಯವನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಇನ್ನೊಂದು ಗುರುತು ನೆನಪಿಡಿ: ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದು ಬಡಿಸುವವರು ಬರುವ ಭಾಗ, ಅಲ್ಲಿ ಬುತ್ತಿ ಬಿಚ್ಚಬಾರದು. ಬರೀ ಹಲಗೆಯ ಮೇಜಾದರೆ ನಿಮ್ಮದೇ.

ಒಂಟಿ ಸೇತುವೆ

ತುಂಗಾತೀರ ಅವರೇ, ನಾನು ನ್ಯೂರೆಂಬರ್ಗ್‌ನವನು, ನಿಮ್ಮ ನೆರೆಯವನು. ಮ್ಯೂನಿಕ್‌ವರೆಗೆ ಹೋಗುವುದು ಬೇಡ. ನಿಮಗೆ ಹತ್ತಿರವಿರುವ ಫೋರ್ಶ್‌ಹೈಮ್‌ನ ಕೆಲ್ಲರ್‌ವಾಲ್ಡ್‌ಗೆ ಹೋಗಿ, ಎರ್ಲಾಂಗೆನ್‌ನಿಂದ ರೈಲಿನಲ್ಲಿ ಕಾಲು ಗಂಟೆಯೂ ಇಲ್ಲ. ಗುಡ್ಡದ ಇಳಿಜಾರಿನ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೆಲ್ಲರ್‌ಗಳಿವೆ. ಬಂಡೆಯೊಳಗೆ ಕೊರೆದ ಸುರಂಗದಲ್ಲಿ ಬಿಯರ್, ಅದರ ಮೇಲಿನ ನೆಲದಲ್ಲಿ ಬೆಂಚುಗಳು. ಅದಕ್ಕೇ ನಮ್ಮ ಫ್ರಾಂಕೋನಿಯದ, ಅಂದರೆ ಬವೇರಿಯದ ಉತ್ತರ ಭಾಗದ, ಜನ ‘ಕೆಲ್ಲರ್‌ಗೆ ಇಳಿಯುವ’ ಮಾತಾಡುವುದೇ ಇಲ್ಲ, ‘ಕೆಲ್ಲರ್ ಮೇಲೆ ಹೋಗೋಣ’ ಎನ್ನುತ್ತಾರೆ. ನೆಲಮಾಳಿಗೆಗೆ ಹತ್ತಿ ಹೋಗುವ ಜನ ಬೇರೆಲ್ಲಿದ್ದಾರೆ ಹೇಳಿ! ನಿಮ್ಮ ಎರ್ಲಾಂಗೆನ್‌ನಲ್ಲಿ 1755ರಿಂದ ನಡೆಯುತ್ತಿರುವ ಬೆರ್ಗ್ ಜಾತ್ರೆಯೂ ಇಂಥ ಕೆಲ್ಲರ್‌ಗಳ ಮೇಲಿನ ಜಾತ್ರೆಯೇ. ಜುಲೈ ಕೊನೆಗೆ ಫೋರ್ಶ್‌ಹೈಮ್‌ನಲ್ಲಿ ಅನ್ನಾ ಜಾತ್ರೆಯಾಗುತ್ತದೆ, ಆಗ ಕಾಲಿಡಲು ಜಾಗವಿರುವುದಿಲ್ಲ. ಈಗ ಜೂನ್, ನೆಮ್ಮದಿಯಾಗಿರುತ್ತದೆ. ಹತ್ತುವ ದಾರಿ ಸ್ವಲ್ಪ ಏರು, ಬಸ್ಸೋ ಟ್ಯಾಕ್ಸಿಯೋ ಮಾಡಿಕೊಳ್ಳಿ.

ನಮ್ಮ ನ್ಯೂರೆಂಬರ್ಗ್‌ನ ಕೋಟೆಯ ಕೆಳಗೂ ಬಂಡೆಯಲ್ಲಿ ಕೊರೆದ ಬಿಯರ್ ಸುರಂಗಗಳಿವೆ. ಬಿಯರ್ ಮಾರುವವರಿಗೆ ಸ್ವಂತ ನೆಲಮಾಳಿಗೆ ಇರಲೇಬೇಕೆಂದು 1380ರಲ್ಲೇ ಅಪ್ಪಣೆಯಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದಾಗ ಊರಿನ ಸಾವಿರಾರು ಮಂದಿ ಜೀವ ಉಳಿಸಿಕೊಂಡದ್ದು ಅವುಗಳೊಳಗೆ. ಅಲ್ಲಿಗೂ ಒಮ್ಮೆ ಕರೆತನ್ನಿ. ಅಪ್ಪನವರ ಮೊಣಕಾಲು ಒಪ್ಪಿದರೆ ಮಾತ್ರ.

ಮ್ಯಾಡಿಸನ್ ಮನೆ

ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಈ ಮೇಜು ಸಮುದ್ರ ದಾಟಿ ಇಲ್ಲಿಗೂ ಬಂದಿದೆ ಎಂದು ತಿಳಿಸಬೇಕೆನಿಸಿತು. ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಭವನದಲ್ಲಿ 1928ರಿಂದ ಒಂದು ರಾಟ್ಸ್‌ಕೆಲ್ಲರ್ ಇದೆ. ಹಳೆಯ ಜರ್ಮನ್ ಕಾಗುಣಿತದಲ್ಲೇ ಹೆಸರು ಬರೆದಿದ್ದಾರೆ. ಕಮಾನು, ಗೋಡೆಚಿತ್ರ, ದಪ್ಪ ಮರದ ಮೇಜು ಎಲ್ಲವೂ ಇವೆ. ಆದರೆ ಇಲ್ಲಿ ಅಪರಿಚಿತರ ಮೇಜಿಗೆ ಹೋಗಿ ಕೂರುವ ರೂಢಿ ಅಷ್ಟಾಗಿ ಇಲ್ಲ. ಕಲ್ಲನ್ನೂ ಮರವನ್ನೂ ಸಾಗಿಸಿ ತರಬಹುದು, ಕೂರುವ ರೂಢಿಯನ್ನು ತರುವುದು ಕಷ್ಟವೆಂದು ಈ ಚರ್ಚೆ ಓದಿದ ಮೇಲೆ ಅನಿಸುತ್ತಿದೆ.

ನೆಕ್ಕರ್ ಕನ್ನಡಿಗ

ನಿಮ್ಮ ಮಾತಿಗೆ ಒಂದು ಸೇರಿಕೆ. ಜರ್ಮನಿಯಲ್ಲೇ ಆ ರೂಢಿ ಸವೆಯುತ್ತಿದೆ. ನಮ್ಮ ಹಳ್ಳಿಯಲ್ಲಿ ಮೂರು ಹೋಟೆಲುಗಳಿದ್ದವು, ಈಗ ಒಂದೂ ಇಲ್ಲ. ಕೊನೆಯದನ್ನು ನಡೆಸುತ್ತಿದ್ದ ದಂಪತಿಗೆ ವಯಸ್ಸಾಯಿತು, ಮಕ್ಕಳು ಬೇರೆ ಕೆಲಸ ಹಿಡಿದರು, ಬಡಿಸುವುದಕ್ಕೆ ಜನ ಸಿಗಲಿಲ್ಲ. ಅಲ್ಲಿ ಪ್ರತಿ ಗುರುವಾರ ಕೂರುತ್ತಿದ್ದ ಹಿರಿಯರು ಈಗ ತಮ್ಮ ತಮ್ಮ ಮನೆಯಲ್ಲಿ ಟಿವಿ ನೋಡುತ್ತಾರೆ. ಅವರಲ್ಲೊಬ್ಬರು ಬೇಕರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ತೋಳು ಹಿಡಿದು ನಿಲ್ಲಿಸಿಕೊಂಡು ಹತ್ತು ನಿಮಿಷ ಮಾತಾಡುತ್ತಾರೆ. ನನಗೆ ಎಷ್ಟೇ ಅವಸರವಿದ್ದರೂ ನಾನು ಹೊರಡುವುದಿಲ್ಲ.

ಇತಿಹಾಸದ ಮೇಷ್ಟ್ರು

ಇಸಾರ್ ದಂಡೆಯವರ ಆಕ್ಷೇಪದ ಬಗ್ಗೆ ಎರಡು ದಿನ ಯೋಚಿಸಿದೆ. ಅವರು ಹೇಳಿದ್ದು ಸರಿ. ಮೇಜು ತಾನಾಗಿ ಯಾರನ್ನೂ ಸಮಾನರನ್ನಾಗಿ ಮಾಡುವುದಿಲ್ಲ. ನಮ್ಮಲ್ಲಿ ಸಹಪಂಕ್ತಿ ಭೋಜನ ನಡೆಸಿದವರು ಅದನ್ನು ಊಟದ ಕಾರ್ಯಕ್ರಮವೆಂದು ಮಾಡಲಿಲ್ಲ, ಹೋರಾಟವೆಂದು ಮಾಡಿದರು, ಅದಕ್ಕಾಗಿ ಬಹಿಷ್ಕಾರವನ್ನೂ ಉಂಡರು. ನನ್ನ ವಾದದಲ್ಲಿ ಉಳಿಸಿಕೊಳ್ಳಬೇಕಾದ ಭಾಗ ಇಷ್ಟು: ‘ಇಲ್ಲಿ ಜಾಗ ಖಾಲಿ ಇದೆಯೇ’ ಎಂದು ಕೇಳಿದವರಿಗೆ ಯಾರು, ಯಾವ ಊರು ಎಂದು ಮರುಪ್ರಶ್ನೆ ಹಾಕದೆ ಸರಿದು ಕೂರುವ ಅಭ್ಯಾಸ ಬಹಳ ಬೆಲೆಯುಳ್ಳದ್ದು. ನಮ್ಮ ಊರುಗಳ ದರ್ಶಿನಿಗಳಲ್ಲಿ, ಹಳೆಯ ಉಡುಪಿ ಹೋಟೆಲುಗಳಲ್ಲಿ ಅಪರಿಚಿತರ ಎದುರು ಕುಳಿತು ದೋಸೆ ತಿಂದವರಿಗೆ ಅದರ ರುಚಿ ಗೊತ್ತು.

ಹತ್ತು ಮಳೆಗಾಲ

ಒಂದು ಸಣ್ಣ ವಿಷಯ ಸೇರಿಸುತ್ತೇನೆ, ನಿಮ್ಮ ತಂದೆಯವರಿಗೆ ಉಪಯೋಗವಾದೀತು. ಮೇಜಿಗೆ ಬಂದವರು ಎಲ್ಲರ ಕೈ ಕುಲುಕುವ ಬದಲು ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಎಂದು ಅದರ ಅರ್ಥ. ಭಾಷೆ ಬಾರದವರಿಗೆ ಇದಕ್ಕಿಂತ ಸುಲಭವಾದ ಮಾತು ಇನ್ನೊಂದಿಲ್ಲ.

ತುಂಗಾತೀರ

ನಿನ್ನೆ ಫೋರ್ಶ್‌ಹೈಮ್‌ಗೆ ಹೋಗಿದ್ದೆವು. ಒಂಟಿ ಸೇತುವೆಯವರು ಹೇಳಿದಂತೆ ಮೇಲಕ್ಕೆ ಟ್ಯಾಕ್ಸಿ ಮಾಡಿಕೊಂಡೆವು.

ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ನಿಂಬೆಹಣ್ಣಿನ ಚಿತ್ರಾನ್ನ ಮಾಡಿ, ಕಡಲೆಕಾಯಿ ಬೀಜವನ್ನು ಮೆತ್ತಗಾಗದಿರಲೆಂದು ಬೇರೆ ಡಬ್ಬಿಯಲ್ಲಿ ಹಾಕಿಕೊಂಡಿದ್ದರು. ಮರಗಳ ಕೆಳಗಿನ ಮೇಜುಗಳೆಲ್ಲ ತುಂಬಿದ್ದವು. ಒಂದರಲ್ಲಿ ಮಾತ್ರ ವಯಸ್ಸಾದ ಗಂಡ ಹೆಂಡತಿ ಕುಳಿತಿದ್ದು, ಅರ್ಧ ಬೆಂಚು ಖಾಲಿ ಇತ್ತು. ನಾನು ಕೇಳಲು ಹೊರಟೆ. ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. ಹಿಂದಿನ ಎರಡು ರಾತ್ರಿ ಆ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದರು. ಮೇಜಿನ ತುದಿಯಲ್ಲಿ ನಿಂತು, ‘ಇಸ್ಟ್ ಹಿಯರ್ ನೋಖ್ ಫ್ರೈ’ ಎಂದರು. ಆ ಹಿರಿಯರು ಏನೂ ಮಾತಾಡದೆ ತಮ್ಮ ಟ್ರೇಯನ್ನು ಎಳೆದುಕೊಂಡು, ಹೆಂಡತಿಯ ಕಡೆಗೆ ಸರಿದು, ಖಾಲಿಯಾದ ಹಲಗೆಯನ್ನು ಅಂಗೈಯಿಂದ ಒರೆಸಿದರು. ಅಪ್ಪ ಕೂರುವ ಮುನ್ನ ಹಲಗೆಯ ಮೇಲೆ ಎರಡು ಸಲ ತಟ್ಟಿದರು. ಅವರೂ ತಟ್ಟಿದರು.

ಸಂಜೆ ಏಳರವರೆಗೆ ಅಲ್ಲೇ ಇದ್ದೆವು. ಅವರು ಮಣ್ಣಿನ ಮಗ್ಗಿನಲ್ಲಿ ಅರ್ಧ ಲೀಟರ್ ಬಿಯರ್ ಕುಡಿಯುತ್ತಿದ್ದರು, ನಾವು ಸೇಬಿನ ರಸ. ಅವರ ಹೆಂಡತಿ ಉಪ್ಪು ಸವರಿದ ಮೂಲಂಗಿಯ ಸುರುಳಿಯನ್ನು ನಮ್ಮ ಕಡೆ ಸರಿಸಿದರು. ಅಮ್ಮ ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿ, ಮೇಲೆ ಕಡಲೆಕಾಯಿ ಬೀಜ ಉದುರಿಸಿ ಕೊಟ್ಟರು. ಆಕೆ ಹಳದಿ ಬಣ್ಣ ಯಾವುದರದೆಂದು ಕೇಳಿದರು, ನಾನು ಅರಿಸಿನವೆಂದು ಹೇಳಿದೆ. ಎರಡನೇ ಸಲ ಅವರೇ ಮುಚ್ಚಳ ಮುಂದೆ ಹಿಡಿದರು.

ನಿಮ್ಮೆಲ್ಲರಿಗೂ ಬರೆಯುತ್ತೇನೆಂದು ಅಪ್ಪನಿಗೆ ಹೇಳಿದೆ. ಅವರು ಈಗ ಪಕ್ಕದಲ್ಲೇ ಕುಳಿತಿದ್ದಾರೆ. ಇಸಾರ್ ದಂಡೆಯವರಿಗೆ ಒಂದು ಮಾತು ತಪ್ಪದೆ ತಿಳಿಸಬೇಕಂತೆ: ಮೇಜಿನ ಮೇಲೆ ಬಟ್ಟೆ ಹಾಸಿರಲಿಲ್ಲವಂತೆ, ಅದನ್ನು ನೋಡಿಕೊಂಡೇ ಡಬ್ಬಿ ಬಿಚ್ಚಲು ಹೇಳಿದರಂತೆ.